ಇಂಗ್ಲಿಷ್ ಕ್ರಿಯಾಪದದ ಬಹು ಆಯ್ಕೆ ಪ್ರಶ್ನೆಗಳು: ಮಕ್ಕಳ ತಪ್ಪಿನ ಹಿಂದಿನ ಕನ್ನಡ

ಹಿನ್ನೆಲೆ

ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಸೇರಿದ ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದಲ್ಲಿದ್ದಾಗ ಇಂಗ್ಲಿಷ್ ಶಿಕ್ಷಕರು ರಜೆ ಹಾಕಿದ್ದರಿಂದ ಒಂಬತ್ತನೇ ತರಗತಿಯ ವ್ಯಾಕರಣದ ಅವಧಿಗಳು ನನ್ನ ಪಾಲಿಗೆ ಬಂದವು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಹಾಗಾಗಿ ಸುಲಭ ರೂಪಗಳು ಮಕ್ಕಳಿಗೆ ಬಂದೇ ಇರುತ್ತವೆ ಎಂದುಕೊಂಡು ನಾಲ್ಕು ಆಯ್ಕೆಗಳ ಹತ್ತು ಪ್ರಶ್ನೆಗಳ ಕಿರುಪರೀಕ್ಷೆ ಕೊಟ್ಟು, ಮೊದಲ ಪ್ರಶ್ನೆಯನ್ನು ತರಗತಿಯಲ್ಲೇ ಚರ್ಚೆಗೆ ಎತ್ತಿಕೊಂಡೆ.

“ದ ಹೆಡ್‌ಮಾಸ್ಟರ್ ____ ಟು ಸ್ಕೂಲ್ ಎವ್ರಿ ಡೇ.” ಸರಿಯುತ್ತರ ‘ಕಮ್ಸ್’. ಮುಂದಿನ ಬೆಂಚಿನ ಹುಡುಗಿಯೊಬ್ಬಳು ‘ಕಮ್’ ಎಂದಳು. “ಹೆಡ್‌ಮಾಸ್ಟರ್ ಒಬ್ಬರೇ ತಾನೇ? ಅಷ್ಟೂ ಗೊತ್ತಾಗಲ್ವಾ?” ಎಂದೆ. ತರಗತಿ ನಕ್ಕಿತು, ಅವಳು ಕೂತಳು. “ಇಂಗ್ಲಿಷ್ ಬರೆಯುವಾಗ ಕನ್ನಡದಲ್ಲಿ ಯೋಚಿಸಬೇಡಿ” ಎಂದು ಎಲ್ಲರಿಗೂ ಉಪದೇಶ ಮಾಡಿ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಅವಧಿ ಮುಗಿಯುವವರೆಗೆ ಅವಳು ಮತ್ತೆ ಕೈ ಎತ್ತಲಿಲ್ಲ.

ತಪ್ಪುಗಳ ದಿಕ್ಕು

ಸಂಜೆ ಉತ್ತರಗಳನ್ನು ತಿದ್ದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೇರೆ ಬೇರೆ ಮಕ್ಕಳು ಒಂದೇ ಬಗೆಯ ತಪ್ಪು ಮಾಡಿದ್ದರು. ಪ್ರಯೋಗಾಲಯದಲ್ಲಿ ಅಳತೆಗಳು ಪ್ರತಿ ಸಲವೂ ಒಂದೇ ಕಡೆಗೆ ವಾಲಿದರೆ ಅದನ್ನು ಅಜಾಗರೂಕತೆ ಎನ್ನುವುದಿಲ್ಲ, ಉಪಕರಣದ ಶೂನ್ಯ ದೋಷವನ್ನು ಹುಡುಕುತ್ತೇವೆ. ಮರುದಿನ “ಸರಿಯುತ್ತರ ಯಾವುದು?” ಎಂದು ಕೇಳುವ ಬದಲು “ಇದನ್ನೇ ಯಾಕೆ ಆರಿಸಿದೆ?” ಎಂದು ಕೇಳಿದೆ. ಆ ಹುಡುಗಿ ಮೆಲ್ಲಗೆ ಹೇಳಿದಳು: “ಹೆಡ್‌ಮಾಸ್ಟ್ರು ಬರ್ತಾನೆ ಅನ್ನಕ್ಕಾಗುತ್ತಾ ಮಿಸ್? ಬರ್ತಾರೆ ಅಲ್ವಾ? ಅದು ಬಹುವಚನ.”

ಅವಳು ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ನೋಡಿಯೇ ಉತ್ತರಿಸಿದ್ದಳು. ನೋಡಿದ್ದು ಕನ್ನಡದ ಕಟ್ಟಳೆಯಂತೆ, ಅಷ್ಟೆ.

ಕನ್ನಡ ದಾರಿ ತಪ್ಪಿಸುವ ಕಡೆ

1. ಗೌರವದ ಬಹುವಚನ: ಕನ್ನಡದಲ್ಲಿ ಹಿರಿಯರು ಒಬ್ಬರೇ ಆದರೂ ‘ಬರುತ್ತಾರೆ’. ಇಂಗ್ಲಿಷ್ ಇಲ್ಲಿ ಎಣಿಕೆಯನ್ನು ಮಾತ್ರ ನೋಡುತ್ತದೆ. ಆದರೆ ಗೌರವದ ಬಹುವಚನ ಇಂಗ್ಲಿಷಿಗೆ ಹೊಸದೇನಲ್ಲ. ಹಿಂದೆ ಅಲ್ಲಿಯೂ ‘ನೀನು’ ಎನ್ನಲು ‘ದೌ’, ‘ನೀವು’ ಎನ್ನಲು ‘ಯೂ’ ಇತ್ತು. ‘ಯೂ’ ಎಲ್ಲರಿಗೂ ಬಳಕೆಯಾಗಿ ಉಳಿಯಿತು. ಎದುರಿಗಿರುವುದು ಒಬ್ಬರೇ ಆದರೂ ‘ಯೂ ಆರ್’ ಎನ್ನುವುದು ಅದಕ್ಕೇ.

2. ಎಣಿಕೆಯ ನಂತರದ ಏಕವಚನ: “ತೋಟದಲ್ಲಿ ಹತ್ತು ತೆಂಗಿನಮರ ಐತೆ” ಎಂಬುದು ನಮ್ಮ ಕಡೆಯ ಸಹಜ ಮಾತು. ಹಾಗಾಗಿ “ದೇರ್ ____ ಟೆನ್ ಕೋಕನಟ್ ಟ್ರೀಸ್” ಎಂಬಲ್ಲಿ ಮಕ್ಕಳು ‘ಈಸ್’ ಆರಿಸಿದ್ದರು. ಸರಿಯುತ್ತರ ‘ಆರ್’.

3. ನಿನ್ನೆಯ ಮಾತು: “ನಿನ್ನೆ ಕುಣಿಗಲ್‌ಗೆ ಹೋಗಿದ್ವಿ” ಎಂಬುದನ್ನು ಪದಕ್ಕೆ ಪದ ಹೊಂದಿಸಿ ‘ಹ್ಯಾಡ್ ಗಾನ್’ ಆರಿಸುತ್ತಾರೆ. ‘ಎಸ್ಟರ್‌ಡೇ’ ಇದ್ದು, ಹೇಳುವುದು ಒಂದೇ ಘಟನೆಯಾದರೆ ‘ವೆಂಟ್’ ಸಾಕು. ಹಿಂದೆ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ಎಂದು ತೋರಿಸಬೇಕಾದಾಗ ‘ಹ್ಯಾಡ್’ ಬೇಕು: ನಾವು ನಿಲ್ದಾಣ ತಲುಪುವ ಹೊತ್ತಿಗೆ ಬಸ್ಸು ‘ಹ್ಯಾಡ್ ಲೆಫ್ಟ್’.

4. ‘ಎಸ್’ ಅಕ್ಷರದ ಗೊಂದಲ: ಇದು ಕನ್ನಡದಿಂದ ಬಂದದ್ದಲ್ಲ. ನಾಮಪದಕ್ಕೆ ‘ಎಸ್’ ಸೇರಿದರೆ ಬಹುವಚನ. ವರ್ತಮಾನದ ಕ್ರಿಯಾಪದಕ್ಕೆ ಸೇರಿದರೆ ಏಕವಚನ. ಮಕ್ಕಳು ಎರಡಕ್ಕೂ ಸೇರಿಸಿ “ಬಾಯ್ಸ್ ಪ್ಲೇಸ್” ಎನ್ನುತ್ತಾರೆ. “ಎರಡರಲ್ಲಿ ಒಂದಕ್ಕೆ ಮಾತ್ರ ಎಸ್” ಎಂಬ ಸೂತ್ರ ಆರಂಭಕ್ಕೆ ಸರಿ. ಆದರೆ ‘ಚಿಲ್ಡ್ರನ್’ ಪದಕ್ಕೆ ‘ಎಸ್’ ಇಲ್ಲದಿದ್ದರೂ ಅದು ಬಹುವಚನ, ‘ನ್ಯೂಸ್’ ಪದದ ಕೊನೆಗೆ ‘ಎಸ್’ ಇದ್ದರೂ ಅದು ಏಕವಚನ ಎಂಬುದನ್ನು ಅದೇ ದಿನ ಹೇಳಬೇಕು.

ಕನ್ನಡ ದಾರಿ ತೋರಿಸುವ ಕಡೆ

“ದ ಬಾಕ್ಸ್ ಆಫ್ ಮ್ಯಾಂಗೋಸ್ ____ ಹೆವಿ” ಎಂಬ ಪ್ರಶ್ನೆಯಲ್ಲಿ ಖಾಲಿ ಜಾಗದ ಪಕ್ಕದಲ್ಲೇ ಇರುವ ‘ಮ್ಯಾಂಗೋಸ್’ ನೋಡಿ ‘ಆರ್’ ಬರೆದವರೇ ಹೆಚ್ಚು. ಇದನ್ನು ಕನ್ನಡದಲ್ಲಿ ಹೇಳಿಸಿದೆ: “ಮಾವಿನಹಣ್ಣುಗಳ ಪೆಟ್ಟಿಗೆ ಭಾರವಾಗಿದೆ.” ಕನ್ನಡದಲ್ಲಿ ವಿಶೇಷಣ ಮೊದಲು, ಮುಖ್ಯಪದ ಆಮೇಲೆ. ಭಾರವಾಗಿರುವುದು ಪೆಟ್ಟಿಗೆ ಎಂದು ತಾನಾಗಿ ಹೊಳೆಯುತ್ತದೆ, ಉತ್ತರ ‘ಈಸ್’. “ಒನ್ ಆಫ್ ದ ಬಾಯ್ಸ್” ಎಂದರೆ “ಹುಡುಗರಲ್ಲಿ ಒಬ್ಬ”. ಕೊನೆಗೆ ಉಳಿದವನು ಒಬ್ಬನೇ, ಅದಕ್ಕೂ ‘ಈಸ್’. “ಕನ್ನಡದಲ್ಲಿ ಯೋಚಿಸಬೇಡಿ” ಎಂಬ ನನ್ನ ಮೊದಲ ದಿನದ ಉಪದೇಶವನ್ನು ಮಕ್ಕಳ ಮುಂದೆಯೇ ಹಿಂದಕ್ಕೆ ತೆಗೆದುಕೊಂಡೆ.

ತರಗತಿಯಲ್ಲಿ ಅನುಸರಿಸಿದ ಹಂತಗಳು

ಮೊದಲು ಆಯ್ಕೆಗಳನ್ನು ಕೈಯಿಂದ ಮುಚ್ಚಿ ವಾಕ್ಯವನ್ನಷ್ಟೇ ಓದುವುದು. ಎರಡನೆಯದಾಗಿ, ಕನ್ನಡದಲ್ಲಿ ಹೇಳಿ ಕರ್ತೃಪದಕ್ಕೆ ಗೆರೆ ಎಳೆಯುವುದು. ಮೂರನೆಯದಾಗಿ, ಗೌರವ ಬಿಟ್ಟು ತಲೆ ಎಣಿಸುವುದು. ನಾಲ್ಕನೆಯದಾಗಿ, ‘ಎಸ್ಟರ್‌ಡೇ’, ‘ಎವ್ರಿ ಡೇ’, ‘ನೌ’ ಮುಂತಾದ ಕಾಲಸೂಚಕವನ್ನು ಹುಡುಕುವುದು. ಆಮೇಲೆ ಆಯ್ಕೆಗಳನ್ನು ನೋಡಿ, ಹೊಂದದವನ್ನು ಕಾರಣ ಹೇಳಿ ಹೊಡೆದುಹಾಕುವುದು. ಮಕ್ಕಳಿಗೆ ತುಂಬ ಹಿಡಿಸಿದ್ದು ಮೂರನೆಯ ಹಂತ.

ನನ್ನ ಕಲಿಕೆ

ತಪ್ಪುಗಳೆಲ್ಲ ಹೋದವು ಎನ್ನಲಾರೆ. ‘ಹ್ಯಾಡ್’ ಇನ್ನೂ ತೊಂದರೆ ಕೊಡುತ್ತಿತ್ತು. ಪಾಠಯೋಜನೆಯಲ್ಲಿ ‘ನಿರೀಕ್ಷಿತ ಉತ್ತರ’ ಎಂಬ ಅಂಕಣವನ್ನು ನಾವು ತುಂಬುತ್ತೇವೆ. ಅದರ ಪಕ್ಕದಲ್ಲಿ ‘ಬರಬಹುದಾದ ತಪ್ಪು ಮತ್ತು ಅದರ ಕಾರಣ’ ಎಂಬ ಇನ್ನೊಂದು ಅಂಕಣ ಇರಬೇಕೆಂಬುದು ನನ್ನ ಸಲಹೆ. ಅದನ್ನು ಬರೆದುಕೊಂಡು ಹೋಗಿದ್ದರೆ ಮೊದಲ ದಿನ ನಾನು ಹಾಗೆ ಮಾತನಾಡುತ್ತಿರಲಿಲ್ಲ.

ಕೊನೆಯ ವಾರ ಅದೇ ಹುಡುಗಿ ಎದ್ದು ನಿಂತು, “ಮಿಸ್, ಒಬ್ಬ ಪೊಲೀಸ್ ಬಂದ ಅಂತೀವಿ. ಪುಸ್ತಕದಲ್ಲಿ ‘ದ ಪೊಲೀಸ್ ಆರ್’ ಅಂತ ಯಾಕಿದೆ?” ಎಂದು ಕೇಳಿದಳು. ನನಗೆ ತಕ್ಷಣ ಹೊಳೆಯಲಿಲ್ಲ. “ನಾಳೆ ಹೇಳ್ತೀನಿ” ಎಂದೆ. ಮನೆಗೆ ಹೋಗಿ ನಿಘಂಟು ತೆಗೆದೆ: ಇಂಗ್ಲಿಷಿನಲ್ಲಿ ‘ಪೊಲೀಸ್’ ಇಡೀ ಪಡೆಗೆ ಹೇಳುವ ಮಾತು, ಬಹುವಚನ, ಒಬ್ಬನಾದರೆ ‘ಪೊಲೀಸ್‌ಮನ್’. ಮರುದಿನ ಪಾಠ ಶುರುವಾದದ್ದು ಅವಳ ಪ್ರಶ್ನೆಯಿಂದಲೇ.