ಠಾಣೆಯಿಂದ ಫೋನ್ ಬಂದಾಗ

‘ನಿಮ್ಮ ಮಗನ ಮೇಲೆ ಒಂದು ವಿಚಾರಣೆ ಇದೆ, ಸ್ಟೇಷನ್‌ಗೆ ಕರ್ಕೊಂಡು ಬನ್ನಿ’ ಎಂದು ಫೋನ್ ಬಂದರೆ ಯಾವ ತಂದೆತಾಯಿಗೂ ಕೈಕಾಲು ಆಡುವುದಿಲ್ಲ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ, ಮೆಟ್ಟೂರು, ಪೆನ್ನಾಗರದ ಕಡೆಯ ಕನ್ನಡದ ಮನೆಗಳಲ್ಲಿ ಇದರ ಜೊತೆಗೆ ಇನ್ನೊಂದು ಅಳುಕು ಸೇರಿಕೊಳ್ಳುತ್ತದೆ. ಮನೆಯ ಮಾತು ಕನ್ನಡ, ಠಾಣೆಯ ಬರವಣಿಗೆ ತಮಿಳು. ತಮಿಳು ಸಲೀಸಾಗಿ ಆಡುವ ಎಷ್ಟೋ ಹಿರಿಯರಿಗೆ ಅದನ್ನು ಓದಲು ಬರುವುದಿಲ್ಲ. ಹಾಗಾಗಿ ಕೊಟ್ಟ ಕಾಗದಕ್ಕೆ ರುಜು ಹಾಕಿ ಬರುತ್ತಾರೆ. ಕೇಸು ಕೆಡುವುದು ಹೆಚ್ಚಾಗಿ ಅಲ್ಲೇ.

ಮೊದಲು ಫೋನ್ ಮಾಡಿದವರ ಹೆಸರು, ಹುದ್ದೆ, ಯಾವ ಠಾಣೆ, ಯಾವ ವಿಷಯ ಎಂದು ವಿನಯದಿಂದಲೇ ಕೇಳಿ, ಗಂಟೆ ಸಮೇತ ಬರೆದಿಟ್ಟುಕೊಳ್ಳಿ. ಅದಾದ ಮೇಲೆ ಬೀರು ತೆಗೆದು ಮಗುವಿನ ವಯಸ್ಸಿನ ದಾಖಲೆ ಹುಡುಕಿ. ವಕೀಲರನ್ನು ಹುಡುಕುವುದಕ್ಕೂ ಮುಂಚೆ ಈ ಕೆಲಸ ಆಗಬೇಕು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಹದಿನೆಂಟು ತುಂಬದಿದ್ದರೆ ಇಡೀ ದಾರಿಯೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅಂಥ ಮಗುವನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಮಕ್ಕಳ ವಿಷಯಕ್ಕೆಂದೇ ನೇಮಿಸಿದ ಪೊಲೀಸ್ ಅಧಿಕಾರಿಯ ವಶಕ್ಕೆ ಕೊಡಬೇಕು, ತಂದೆತಾಯಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಜಾಮೀನು ಸಿಗುವುದೇ ನಿಯಮ. ಬಿಟ್ಟರೆ ಮಗು ಅಪರಾಧಿಗಳ ಸಹವಾಸಕ್ಕೋ ಅಪಾಯಕ್ಕೋ ಸಿಲುಕುತ್ತದೆ, ಅಥವಾ ನ್ಯಾಯದ ಉದ್ದೇಶಕ್ಕೇ ಭಂಗ ಬರುತ್ತದೆ ಎಂದು ಮಂಡಳಿಗೆ ಕಂಡುಬಂದರೆ ಮಾತ್ರ ಜಾಮೀನು ನಿರಾಕರಿಸಬಹುದು.

ವಯಸ್ಸಿಗೆ ಮೊದಲ ಪುರಾವೆ ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಹತ್ತನೆಯ ತರಗತಿಯ ಸರ್ಟಿಫಿಕೇಟು. ಅದಿಲ್ಲದಿದ್ದರೆ ಪಂಚಾಯತಿ, ಪುರಸಭೆ ಅಥವಾ ನಗರಪಾಲಿಕೆ ಕೊಟ್ಟ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆಯಂಥ ವೈದ್ಯಕೀಯ ತಪಾಸಣೆ. ಆಧಾರ್ ಕಾರ್ಡು ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ಶಾಲೆಯ ಕಾಗದದ ಜೆರಾಕ್ಸ್ ಹಿಡಿದು ಹೋಗಿ, ಮೂಲಪ್ರತಿಯನ್ನು ಮನೆಯಲ್ಲೇ ಬಿಡಿ.

ಮಗ ಹದಿನೆಂಟು ದಾಟಿದ್ದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ವಯಿಸುತ್ತದೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಅಗತ್ಯ ಕಾಣದಿದ್ದರೆ ಪೊಲೀಸರು ನೋಟಿಸು ಕೊಟ್ಟು ಕರೆಸಬೇಕು. ನೋಟಿಸು ಬಂದರೆ ತಪ್ಪದೆ ಹೋಗಿ. ಹೋಗದೆ ತಪ್ಪಿಸಿಕೊಂಡರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ. ಬಂಧಿಸಿದರೆ ಮನೆಯವರಿಗೋ ಸ್ನೇಹಿತರಿಗೋ ತಿಳಿಸಲೇಬೇಕು, ವೈದ್ಯರಿಂದ ತಪಾಸಣೆ ಮಾಡಿಸಬೇಕು, ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಹೆಣ್ಣುಮಕ್ಕಳನ್ನು ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಬಂಧಿಸುವಂತಿಲ್ಲ. ಅಪರೂಪದ ಸಂದರ್ಭದಲ್ಲೂ ಮಹಿಳಾ ಅಧಿಕಾರಿ ಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ಭಾಷೆಯ ವಿಷಯದಲ್ಲಿ ನಮ್ಮವರಿಗೆ ದೊಡ್ಡ ಬಲ ಸಿಕ್ಕಿರುವುದು 2025ರ ನವೆಂಬರಿನಲ್ಲಿ. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರವಣಿಗೆಯಲ್ಲೇ ಕೊಡಬೇಕು, ತಡವಾದರೂ ಮ್ಯಾಜಿಸ್ಟ್ರೇಟರ ಮುಂದೆ ರಿಮಾಂಡಿಗೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ತಮಿಳು ಓದಲು ಬಾರದಿದ್ದರೆ ‘ಓದಲು ಬರುವುದಿಲ್ಲ’ ಎಂದೇ ಹೇಳಿ. ಸಂಕೋಚದಿಂದ ತಲೆಯಾಡಿಸಬೇಡಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಖಾಲಿ ಹಾಳೆಗಂತೂ ಯಾವ ಕಾರಣಕ್ಕೂ ಬೇಡ.

ಬಂಧಿತನನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದನ್ನು ಬರೀ ಶಾಸ್ತ್ರ ಎಂದು ತಿಳಿಯಬಾರದು. ಹೊಡೆದಿದ್ದರೆ, ಬೆದರಿಸಿದ್ದರೆ ಅಲ್ಲೇ ಬಾಯಿಬಿಟ್ಟು ಹೇಳಬೇಕು. ಧರ್ಮಪುರಿ ಜಿಲ್ಲೆಯವರಿಗೆ ವಾಚಾತಿಯ ನೆನಪು ಮಾಸಿಲ್ಲ. 1992ರ ಜೂನ್ 20ರಂದು ಗಂಧದ ಕಳ್ಳಸಾಗಣೆಯ ಶೋಧದ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಹರೂರಿನ ಬಳಿಯ ಆ ಬುಡಕಟ್ಟು ಹಳ್ಳಿಗೆ ನುಗ್ಗಿದರು. ಹದಿನೆಂಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಹಳ್ಳಿಯ ಹೆಂಗಸರನ್ನೇ ಸೇಲಂ ಜೈಲಿಗೆ ಕಳಿಸಿದರು. ಜನ ಬಿಡದೆ ಹೋರಾಡಿದ್ದರಿಂದ 1995ರಲ್ಲಿ ತನಿಖೆ ಸಿಬಿಐಗೆ ಹೋಯಿತು. 269 ಆರೋಪಿಗಳಲ್ಲಿ ಬದುಕುಳಿದಿದ್ದ 215 ಮಂದಿಯನ್ನೂ 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ದೋಷಿಗಳೆಂದು ತೀರ್ಪಿತ್ತಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ನ್ಯಾಯಕ್ಕೆ ಮೂವತ್ತೊಂದು ವರ್ಷ ಹಿಡಿಯಿತು ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ. ಆದರೆ ಆ ಹೆಣ್ಣುಮಕ್ಕಳು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳದೇ ಇದ್ದಿದ್ದರೆ ಈ ತೀರ್ಪೂ ಇರುತ್ತಿರಲಿಲ್ಲ.

ತೊಂದರೆಗೆ ಸಿಕ್ಕಿದ್ದು ನಿಮ್ಮ ಮಗುವೇ ಆದರೆ ದೂರು ಕೊಡುವುದು ನೀವು. ತಮಿಳುನಾಡಿನ ಠಾಣೆಗಳಲ್ಲಿ ದೂರು ಕೊಟ್ಟ ತಕ್ಷಣ ಅನೇಕ ಸಲ ಸಿಎಸ್‌ಆರ್ ರಸೀದಿ ಎಂಬ ಚೀಟಿ ಕೈಗಿಡುತ್ತಾರೆ. ಅದು ಅರ್ಜಿ ಬಂದಿದೆ ಎಂಬುದಕ್ಕೆ ಗುರುತು ಅಷ್ಟೆ, ಎಫ್‌ಐಆರ್ ಅಲ್ಲ. ಚೀಟಿಯನ್ನು ಜೋಪಾನವಾಗಿಟ್ಟುಕೊಂಡು ಎಫ್‌ಐಆರ್ ಕೇಳಿ. ಅದರ ಪ್ರತಿ ನಿಮಗೆ ಪುಕ್ಕಟೆಯಾಗಿ ಸಿಗಬೇಕು. ಘಟನೆ ಹೊಸೂರಿನಲ್ಲಿ ನಡೆದಿದ್ದರೂ ಧರ್ಮಪುರಿಯಲ್ಲಿ ದೂರು ಕೊಡಬಹುದು. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ, ಸೇಲಂ ನಗರದೊಳಗಾದರೆ ಪೊಲೀಸ್ ಕಮಿಷನರಿಗೆ, ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲಿದೆ. ಲೈಂಗಿಕ ದೌರ್ಜನ್ಯದ ದೂರಾದರೆ ಪೋಕ್ಸೊ ಕಾಯ್ದೆಯಂತೆ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಬರೆದುಕೊಳ್ಳುವ ಅಧಿಕಾರಿ ಖಾಕಿಯಲ್ಲಿರಬಾರದು, ತಂದೆತಾಯಿ ಅಥವಾ ಮಗು ನಂಬುವ ಯಾರಾದರೂ ಜೊತೆಗಿರಬೇಕು, ಭಾಷೆ ತಿಳಿಯದಿದ್ದರೆ ಅನುವಾದಕರನ್ನು ಕರೆಸಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಉಳಿಸಿಕೊಳ್ಳುವಂತಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೂರಬೇಡಿ. ಮಕ್ಕಳು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು ಎಂಬುದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ನಿಯಮ. ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಮಕ್ಕಳ ಸಹಾಯವಾಣಿ 1098.

‘ಮುಂದೆ ಇವನಿಗೆ ಕೆಲಸ ಸಿಗುತ್ತದೆಯೇ, ಪಾಸ್‌ಪೋರ್ಟ್ ಆಗುತ್ತದೆಯೇ’ ಎಂಬುದು ಪೋಷಕರು ಕೊನೆಗೆ ಕೇಳುವ ಪ್ರಶ್ನೆ. ಬಾಲನ್ಯಾಯ ಕಾಯ್ದೆಯಡಿ ಪ್ರಕರಣ ಮುಗಿದ ಮಗುವಿಗೆ ಆ ತೀರ್ಪಿನಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ. ಮೇಲ್ಮನವಿಯ ಅವಧಿ ಕಳೆದು, ನಿಗದಿಯಾದ ಸಮಯವಾದ ಮೇಲೆ ದಾಖಲೆಗಳನ್ನೇ ನಾಶಮಾಡಬೇಕು. ಹದಿನಾರು ದಾಟಿ ಘೋರ ಅಪರಾಧದಲ್ಲಿ ವಯಸ್ಕನಂತೆ ವಿಚಾರಣೆ ಎದುರಿಸಿ ದೋಷಿಯೆಂದು ತೀರ್ಮಾನವಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ.