ಮಾತು ಕಲಿಸುವ ವಿದ್ಯೆಗೆ ಎಷ್ಟು ಸಾಲ ಮಾಡಬಹುದು?

ಮಗುವಿಗೆ ಮೂರು ವರ್ಷ ತುಂಬಿದರೂ ಮಾತು ಬಾರದೆ ಹೋದಾಗ ಹರಪನಹಳ್ಳಿಯ ತಾಯಿ ದಾವಣಗೆರೆಗೂ, ಹಡಗಲಿಯ ತಾಯಿ ಗದಗ ಹುಬ್ಬಳ್ಳಿಗಳಿಗೂ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ತಾಯಂದಿರು ಹೊಸಪೇಟೆಗೋ ಬಳ್ಳಾರಿಗೋ ಹೊರಡುವುದು ನಮ್ಮ ಸೀಮೆಯ ವಾಡಿಕೆ. 2023ರ ಜೂನ್ ತಿಂಗಳಿನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಬಳಿಕ ಆ ತಾಯಿಗೆ ಬಸ್ಸಿನ ಟಿಕೇಟಿನ ಖರ್ಚು ತಪ್ಪಿತೆಂಬುದು ನಿಜ. ಆದರೆ ಶೇಂಗಾ ಕೀಳುವ ಕಾಲದಲ್ಲಿ, ಮೆಕ್ಕೆಜೋಳ ಮುರಿಯುವ ಕಾಲದಲ್ಲಿ, ಆಕೆ ಕಳೆದುಕೊಳ್ಳುವ ದಿನಗೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ. ವಾಕ್ ಚಿಕಿತ್ಸೆ, ಎಂದರೆ ಜನ ಈಗ ಸ್ಪೀಚ್ ಥೆರಪಿ ಎಂದು ಕರೆಯುವ ಈ ಉಪಚಾರ, ಒಂದು ಸೂಜಿಮದ್ದಿನಿಂದ ಮುಗಿಯುವ ಕಾರ್ಯವಲ್ಲ. ವಾರವಾರವೂ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯತಕ್ಕ ಅಭ್ಯಾಸ. ಆದುದರಿಂದಲೇ ಕೆಲವು ಬಾರಿ ಹೋಗಿಬಂದು, ಕೂಲಿಯ ನಷ್ಟವನ್ನು ತಾಳಲಾರದೆ, “ದೊಡ್ಡವನಾದ ಮ್ಯಾಲೆ ತಾನ ಮಾತಾಡ್ತಾನ ಬಿಡು” ಎಂಬ ಹಿರಿಯರ ಸಮಾಧಾನಕ್ಕೆ ಶರಣಾಗಿ ಮನೆಯಲ್ಲಿಯೇ ಉಳಿದುಬಿಟ್ಟ ಕುಟುಂಬಗಳು ಈ ಐದೂ ತಾಲೂಕುಗಳಲ್ಲಿವೆ.

ಇಂತಹ ಸೀಮೆಯಿಂದಲೇ, ಕೊಟ್ಟೂರಿನ ನನ್ನ ತಂಗಿಯ ಮಗಳು, ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನವನ್ನು ಓದಿ, ಈ ವಿದ್ಯೆಯನ್ನೇ ಕಲಿಯುವೆನೆಂದು ಹಟ ಹಿಡಿದಾಗ ಅವಳ ತಂದೆ ನನ್ನಲ್ಲಿಗೆ ಬಂದು, “ಭಾವ, ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಇಕಿ ಏನ್ ಓದಾಕ ಹೊಂಟಾಳ? ಸಾಲ ಮಾಡಿ ಓದಿಸಿದ್ರ ತೀರ್ತೈತೇನು?” ಎಂದು ಕೇಳಿದನು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಬ್ಯಾಂಕ್ ಶಾಖೆಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ನನಗೆ ಅವನ ಎರಡನೆಯ ಪ್ರಶ್ನೆ ಬಹು ಯೋಗ್ಯವಾದುದೆಂದು ತೋರಿತು. ಅದಕ್ಕೆ ಅಂದು ನಾನು ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ವಿದ್ಯೆಯ ಸ್ವರೂಪ. ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು. ಏಕೆಂದರೆ ದೇಶಕ್ಕೇ ಹಿರಿದಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಜನರ ಬಾಯಲ್ಲಿ ಆಯಿಷ್, 1965ರಿಂದ ಮೈಸೂರಿನಲ್ಲಿಯೇ ಇದ್ದು, ಕೇಂದ್ರದ ಆರೋಗ್ಯ ಮಂತ್ರಾಲಯದ ಅಧೀನದಲ್ಲಿ ಮಾನಸಗಂಗೋತ್ರಿಯಲ್ಲಿ ನಡೆಯುತ್ತಿದೆ. ಧಾರವಾಡ, ಮಂಗಳೂರು, ಬೆಂಗಳೂರುಗಳಲ್ಲಿಯೂ ಈ ಶಿಕ್ಷಣವನ್ನು ಕೊಡುವ ಖಾಸಗಿ ಸಂಸ್ಥೆಗಳುಂಟು. ಬಿ.ಎ.ಎಸ್.ಎಲ್.ಪಿ. ಎಂಬ ಪದವಿಗೆ ನಾಲ್ಕು ವರ್ಷ: ಮೂರು ವರ್ಷ ತರಗತಿ ಮತ್ತು ಚಿಕಿತ್ಸಾಲಯದ ಅಭ್ಯಾಸ, ನಾಲ್ಕನೆಯದು ಪೂರ್ಣ ಇಂಟರ್ನ್‌ಶಿಪ್. ಕಿವಿಯ ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಈ ಒಂದೇ ಪದವಿಯಲ್ಲಿ ಕಲಿಸುತ್ತಾರೆ. ಮುಂದೆ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗದಲ್ಲಿ ಅವು ಬೇರೆ ಬೇರೆ ಹಾದಿಗಳಾಗುತ್ತವೆ. ನಾಲ್ಕು ವರ್ಷದ ಭಾರವನ್ನು ಹೊರಲಾರದವರಿಗೆ ಪಿಯುಸಿಯ ನಂತರ ಒಂದು ವರ್ಷದ ಡಿಪ್ಲೊಮಾ ಕೂಡ ಇದೆ. ಅದು ಸಹಾಯಕರ ಹುದ್ದೆಗೆ ತಕ್ಕ ತರಬೇತಿ.

ಹಣವನ್ನು ಕಟ್ಟುವುದಕ್ಕೆ ಮೊದಲು ನೋಡಲೇಬೇಕಾದ ಸಂಗತಿ ಒಂದುಂಟು. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯಿದೆಯ ಪ್ರಕಾರ, ಪರಿಷತ್ತು ಮಾನ್ಯ ಮಾಡಿದ ಶಿಕ್ಷಣವನ್ನು ಪಡೆದು ತನ್ನ ಹೆಸರನ್ನು ಅದರ ದಾಖಲೆಯಲ್ಲಿ ನೋಂದಾಯಿಸಿಕೊಂಡವನು ಮಾತ್ರವೇ ಈ ವೃತ್ತಿಯನ್ನು ಮಾಡತಕ್ಕದ್ದು. ಇಲ್ಲವಾದರೆ ಒಂದು ವರ್ಷದವರೆಗೆ ಸೆರೆವಾಸವನ್ನೂ ವಿಧಿಸುವ ಅವಕಾಶ ಕಾನೂನಿನಲ್ಲಿದೆ. ನನ್ನ ತಂಗಿಯ ಗಂಡನಿಗೂ ದೂರದ ನಗರದ ಒಂದು ಕಾಲೇಜಿನ ಪರವಾಗಿ ಮಧ್ಯವರ್ತಿಯೊಬ್ಬನು ಮೇಲಿಂದ ಮೇಲೆ ಫೋನು ಮಾಡಿ, ಇಂದೇ ಮುಂಗಡ ಕಟ್ಟದಿದ್ದರೆ ಸೀಟು ಹೋದೀತೆಂದು ಹೆದರಿಸಿದ್ದನು. ಮಾನ್ಯತೆಯ ಪತ್ರವನ್ನು ಕೇಳಿದೆವು. ಅದು ಬರಲಿಲ್ಲ, ನಾವೂ ಹಣ ಕಟ್ಟಲಿಲ್ಲ.

ಇನ್ನು ಸಾಲದ ಲೆಕ್ಕ. ವಿದ್ಯಾಭ್ಯಾಸದ ಸಾಲವು ನಾಲ್ಕು ಲಕ್ಷ ರೂಪಾಯಿಯನ್ನು ಮೀರದಿದ್ದರೆ ಬ್ಯಾಂಕುಗಳು ಆಸ್ತಿಯ ಅಡಮಾನವನ್ನು ಕೇಳುವಂತಿಲ್ಲ, ವಿದ್ಯಾರ್ಥಿಯ ಪಾಲಿನ ಹಣವನ್ನೂ ಕೇಳುವಂತಿಲ್ಲ. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರಕಾರದ ಖಾತರಿ ನಿಧಿಯ ಆಸರೆಯಿದೆ. ಅದನ್ನು ದಾಟಿದಾಗ ಸಾಮಾನ್ಯವಾಗಿ ಮನೆಯೋ ನಿವೇಶನವೋ ಆಧಾರವಾಗಬೇಕಾಗುತ್ತದೆ. ನಮ್ಮ ಕಡೆಯ ಖುಷ್ಕಿ ಜಮೀನು ಎಷ್ಟು ಎಕರೆಯಿದ್ದರೂ ಬ್ಯಾಂಕು ಅದನ್ನು ಒಪ್ಪಲು ಹಿಂಜರಿಯುತ್ತದೆ, ಕೃಷಿಭೂಮಿಯನ್ನು ಸುಲಭವಾಗಿ ಜಪ್ತಿ ಮಾಡಲು ಕಾನೂನು ಬಿಡುವುದಿಲ್ಲವಾದ ಕಾರಣ. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ. ಆದರೆ ಬಡ್ಡಿಯು ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಈ ಒಂದು ಮಾತನ್ನು ನಮ್ಮ ಜನ ಕಿವಿಗೊಟ್ಟು ಕೇಳುವುದಿಲ್ಲ.

ಲೆಕ್ಕಕ್ಕೆ ಶೇಕಡಾ 10ರ ಬಡ್ಡಿಯನ್ನು ಹಿಡಿಯೋಣ. ಪ್ರತಿ ವರ್ಷದ ಆರಂಭದಲ್ಲಿ ಒಂದೊಂದು ಲಕ್ಷದಂತೆ ನಾಲ್ಕು ಲಕ್ಷವನ್ನು ಪಡೆದು, ಐದು ವರ್ಷ ಏನನ್ನೂ ಕಟ್ಟದೆ ಸುಮ್ಮನಿದ್ದರೆ, ಸರಳ ಬಡ್ಡಿಯೇ 1,40,000 ರೂಪಾಯಿ ಕೂಡಿಕೊಂಡು ಸಾಲವು 5,40,000 ಆಗುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 7,100 ರೂಪಾಯಿ. ಅದೇ ಸಾಲದ ಬಡ್ಡಿಯನ್ನು ಮೊದಲ ವರ್ಷ ತಿಂಗಳಿಗೆ ಸುಮಾರು 830, ಎರಡನೆಯ ವರ್ಷ 1,670, ಮೂರನೆಯ ವರ್ಷ 2,500, ಆಮೇಲೆ 3,330 ರೂಪಾಯಿಯಂತೆ ತಂದೆಯೇ ಕಟ್ಟುತ್ತ ಬಂದರೆ, ಮಗಳ ಪಾಲಿಗೆ ಬರುವ ಕಂತು ಸುಮಾರು 5,300 ಮಾತ್ರ. ವರ್ಷಕ್ಕೆ ಎರಡೂವರೆ ಲಕ್ಷ ಕೇಳುವ ಕಾಲೇಜಿಗೆ ಸೇರಿ, ಹತ್ತು ಲಕ್ಷ ಸಾಲ ಮಾಡಿ, ಬಡ್ಡಿಯನ್ನೂ ಕಟ್ಟದೆ ಬಿಟ್ಟರೆ ಕಂತು 17,800 ರೂಪಾಯಿಯ ಸಮೀಪಕ್ಕೆ ಏರುತ್ತದೆ.

ಈ ಅಂತರವೇ ನನ್ನ ವಾದದ ತಿರುಳು. ತಿಂಗಳಿಗೆ ಹದಿನೇಳೆಂಟು ಸಾವಿರದ ಕಂತನ್ನು ಹೊತ್ತ ತರುಣಿಯು ಎಷ್ಟೇ ಸದಾಶಯದವಳಾಗಿದ್ದರೂ ಕೂಡ್ಲಿಗಿಗೆ ಬಂದು ನೆಲೆಸಲಾರಳು. ಬೆಂಗಳೂರಿನ ಕ್ಲಿನಿಕ್ಕೋ ಪರದೇಶವೋ ಅವಳನ್ನು ಎಳೆದುಕೊಳ್ಳುವುದು ಅನಿವಾರ್ಯ. ಐದು ಸಾವಿರದ ಕಂತಿನವಳಾದರೋ ಜಿಲ್ಲಾ ಆಸ್ಪತ್ರೆಯ ಗುತ್ತಿಗೆಯ ಕೆಲಸವನ್ನು ಒಪ್ಪಿಕೊಳ್ಳಬಲ್ಲಳು, ಸಣ್ಣ ಊರಿನಲ್ಲಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿಯಬಲ್ಲಳು. ಕಿವಿಯ ಪರೀಕ್ಷೆಗೆ ಆಡಿಯೋಮೀಟರ್ ಬೇಕು, ಸದ್ದು ನುಗ್ಗದಂತೆ ಕಟ್ಟಿದ ಕೊಠಡಿ ಬೇಕು, ಅದಕ್ಕೆ ಬಂಡವಾಳ ಬೇಕು. ಮಾತಿನ ಚಿಕಿತ್ಸೆಗಾದರೋ ಗದ್ದಲವಿಲ್ಲದ ಕೋಣೆ, ಕನ್ನಡಿ, ಚಿತ್ರದ ಕಾರ್ಡುಗಳು, ಆಟಿಕೆಗಳು, ಇವುಗಳಿಗಿಂತ ಮಿಗಿಲಾಗಿ ತಾಳ್ಮೆ ಇದ್ದರೆ ಸಾಕು. ಓದಿನ ಸಾಲ ಹಗುರವಾಗಿದ್ದವರು ಊರಿನಲ್ಲಿ ಸ್ವಂತವಾಗಿ ಆರಂಭಿಸಬಹುದಾದ ಇಷ್ಟು ಕಡಮೆ ಬಂಡವಾಳದ ಆರೋಗ್ಯವೃತ್ತಿಗಳು ವಿರಳ.

ಊರಿನವರೇ ಈ ವಿದ್ಯೆಯನ್ನು ಕಲಿಯಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಹಣವೊಂದೇ ಅಲ್ಲ. ಮಗುವು ಮನೆಯಲ್ಲಿ ಕೇಳುವ ಮಾತಿನಲ್ಲಿಯೇ ಚಿಕಿತ್ಸೆ ನಡೆಯಬೇಕು. 1970ರ ದಶಕದಲ್ಲಿಯೇ ಮೈಸೂರಿನ ವಿದ್ವಾಂಸರು ಕನ್ನಡದ ಉಚ್ಚಾರಣೆಯನ್ನು ಅಳೆಯುವ ಪರೀಕ್ಷೆಯನ್ನು ಸಿದ್ಧಪಡಿಸಿದರೆಂಬುದು ಹೆಮ್ಮೆಯ ವಿಷಯವಾದರೂ, ಹರಪನಹಳ್ಳಿಯ ತಾಂಡಾದ ತಾಯಿ ಮಗುವಿನೊಡನೆ ಲಂಬಾಣಿಯಲ್ಲಿ ಮಾತನಾಡುವಳು, ಕೂಡ್ಲಿಗಿಯ ಗಡಿಹಳ್ಳಿಗಳಲ್ಲಿ ತೆಲುಗಿನ ಬೆರಕೆಯುಂಟು, ಪೇಟೆಗಳ ಓಣಿಗಳಲ್ಲಿ ಉರ್ದುವುಂಟು. ಕೇಂದ್ರದ ಅಡಿಪ್ ಯೋಜನೆಯಡಿ ಕಿವಿ ಕೇಳಿಸುವಂತೆ ಮಾಡುವ ಲಕ್ಷಗಟ್ಟಲೆ ರೂಪಾಯಿಯ ಕಾಕ್ಲಿಯರ್ ಇಂಪ್ಲಾಂಟ್ ಅನ್ನು ಸರಕಾರವೇ ಕೊಡಿಸಿದ ಮೇಲೂ, ಮಗುವಿಗೆ ಆ ಹೊಸ ಸದ್ದುಗಳ ಅರ್ಥವನ್ನು ತಿಳಿಸಿ ಮಾತು ಕಲಿಸುವವರು ಸಮೀಪದಲ್ಲಿಲ್ಲದಿದ್ದರೆ ಅಷ್ಟು ಹಣವೂ ನಿಷ್ಫಲವಾಗುವುದು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಹಿರಿಯರ ಪಾಡೂ ಇದಕ್ಕಿಂತ ಬೇರೆಯಲ್ಲ.

ನನ್ನ ಸೋದರ ಸೊಸೆಗೆ ಪ್ರವೇಶ ಪರೀಕ್ಷೆಯ ಮೂಲಕ ಮೈಸೂರಿನಲ್ಲಿಯೇ ಸ್ಥಾನ ದೊರೆಯಿತು. ಹಾಸ್ಟೆಲು, ಲ್ಯಾಪ್‌ಟಾಪು, ಪುಸ್ತಕ, ಹಂಪಿ ಎಕ್ಸ್‌ಪ್ರೆಸ್ಸಿನ ಓಡಾಟ ಎಲ್ಲವೂ ಸೇರಿ ಅವಳ ಸಾಲ ನಾಲ್ಕು ಲಕ್ಷಕ್ಕೆ ಏರಲಿಲ್ಲ. ಬಡ್ಡಿಯನ್ನು ಶೇಂಗಾ ಮಾರಿದ ಹಣದಿಂದ ಅವಳ ತಂದೆ ತಪ್ಪದೆ ಕಟ್ಟಿದನು. ಈಗ ಅವಳು ಹೊಸಪೇಟೆಯಲ್ಲಿ ಕೆಲಸ ಮಾಡುತ್ತ, ಭಾನುವಾರದಂದು ಕೊಟ್ಟೂರಿನ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ನೋಡುತ್ತಾಳೆ. ಸಾಲ ತೀರಿದ ಮೇಲೆ ಊರಿನಲ್ಲಿಯೇ ಪೂರ್ಣಕಾಲ ನಿಲ್ಲುವ ಸಂಕಲ್ಪ ಅವಳದು.

ಈ ದಾರಿಯನ್ನು ಹಿಡಿಯುವವರು ಪಿಯುಸಿ ಫಲಿತಾಂಶಕ್ಕೆ ಕಾಯದೆ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ಮಾಡಿಸಿಟ್ಟುಕೊಳ್ಳಲಿ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗಕ್ಕಿರುವ ಮೀಸಲಾತಿಯು ಕೇಂದ್ರದ ಸಂಸ್ಥೆಗೆ ಅನ್ವಯಿಸದು. ಆದರೂ ರಾಜ್ಯದ ಸೀಟುಗಳಿಗೂ ಮುಂದಿನ ಸರಕಾರಿ ನೌಕರಿಗೂ ಅದು ಬೇಕಾಗುವುದರಿಂದ ಉಪವಿಭಾಗಾಧಿಕಾರಿಯ ಕಚೇರಿಯಿಂದ ಆ ಪ್ರಮಾಣಪತ್ರವನ್ನೂ ಪಡೆದಿರಲಿ. ಈ ಐದು ತಾಲೂಕುಗಳ ಬ್ಯಾಂಕ್ ಶಾಖೆಗಳಲ್ಲಿ ಇಂದು ಕುಳಿತಿರುವ ನನ್ನ ಕಿರಿಯ ಮಿತ್ರರಲ್ಲಿ ಒಂದು ವಿನಂತಿ: ಎಂಜಿನಿಯರಿಂಗ್, ನರ್ಸಿಂಗ್‌ಗಳಂತೆ ಈ ಪದವಿಯ ಹೆಸರು ನಿಮಗೆ ಪರಿಚಿತವಲ್ಲವೆಂಬ ಒಂದೇ ಕಾರಣದಿಂದ ನಾಲ್ಕು ಲಕ್ಷದೊಳಗಿನ ಅರ್ಜಿಯನ್ನು ಹಿಂದಕ್ಕೆ ಕಳುಹಿಸಬೇಡಿರಿ, ಕಾಲೇಜಿನ ಮಾನ್ಯತೆಯನ್ನು ನೋಡಿ, ಮಂಜೂರು ಮಾಡಿರಿ.