ನಾಲ್ಕು ಪುಟದ ಒಂದು ಪ್ರಬಂಧ

ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಆದವಾನಿ ಸೀಮೆಯ ಅನೇಕ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೋ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೋ ಗುಳೆ ಹೋಗುವುದುಂಟು. ನಾಗಲದಿನ್ನೆಯಲ್ಲಿ ಅಜ್ಜಿಯ ಬಳಿ ಉಳಿದ ಮಗುವು ಸಂಜೆಯ ವೇಳೆ ಫೋನಿನಲ್ಲಿ ತಾಯಿಯ ಮುಖವನ್ನು ಕಾಣುತ್ತದೆ. ಅಷ್ಟು ದೂರದಿಂದ ಆ ಮುಖವು ಕ್ಷಣಮಾತ್ರದಲ್ಲಿ ಬಂದುದು ಹೇಗೆಂಬುದನ್ನು ವಿದ್ಯಾರ್ಥಿಗಳು ಯೋಚಿಸಿರುವರೋ ಇಲ್ಲವೋ ತಿಳಿಯದು. ಇದಕ್ಕೆ ಉತ್ತರ ಹೇಳುವ ಶಾಸ್ತ್ರಕ್ಕೆ ಸಂಕೇತ ಸಂಸ್ಕರಣವೆಂದು ಹೆಸರು. ಎಂಜಿನಿಯರುಗಳು ಸಿಗ್ನಲ್ ಪ್ರೊಸೆಸಿಂಗ್ ಎನ್ನುವುದು ಇದನ್ನೇ.

ಯಂತ್ರದ ಪಾಲಿಗೆ ಚಿತ್ರವೆಂದರೆ ಅಂಕಿಗಳ ಸಾಲು. ಪ್ರತಿಯೊಂದು ಚುಕ್ಕೆಯ ಬೆಳಕಿಗೂ ಒಂದೊಂದು ಅಂಕಿ. ನೆರೆಹೊರೆಯ ಎರಡು ಚುಕ್ಕೆಗಳ ಬೆಳಕು ೫೦ ಮತ್ತು ೫೨ ಎಂದಿಟ್ಟುಕೊಳ್ಳೋಣ. ಇವುಗಳ ಬದಲಿಗೆ ಮೊತ್ತ ೧೦೨, ವ್ಯತ್ಯಾಸ ೨ ಎಂದು ಬರೆದಿಟ್ಟರೂ ನಷ್ಟವೇನೂ ಇಲ್ಲ; ಕೂಡಿಸಿ ಅರ್ಧಮಾಡಿದರೆ ೫೨, ಕಳೆದು ಅರ್ಧಮಾಡಿದರೆ ೫೦ ಮರಳಿ ದೊರೆಯುತ್ತವೆ. ಆದರೆ ಈಗ ಸಾರವೆಲ್ಲ ಮೊತ್ತದಲ್ಲಿಯೇ ಸೇರಿಕೊಂಡಿತು. ಆ ಸಣ್ಣ ೨ನ್ನು ಕೈಬಿಟ್ಟರೆ ಎರಡು ಚುಕ್ಕೆಗಳೂ ೫೧ ಆಗುವುವು. ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಕಳುಹಿಸತಕ್ಕ ಅಂಕಿಗಳು ಮಾತ್ರ ಅರ್ಧವಾದುವು! ಇದನ್ನೇ ಎಂಟೆಂಟು ಚುಕ್ಕೆಗಳ ಚೌಕಗಳಿಗೆ, ತ್ರಿಕೋಣಮಿತಿಯ ಕೊಸೈನ್ ಬೆಲೆಗಳ ನೆರವಿನಿಂದ ವಿಸ್ತರಿಸಿದರೆ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ರೂಪಾಂತರವಾಗುತ್ತದೆ.

ಇದನ್ನು ಮೊದಲು ಯೋಚಿಸಿದವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಡಾ. ನಾಸಿರ್ ಅಹಮದ್. ಸರ್ ಎಂ. ವಿಶ್ವೇಶ್ವರಯ್ಯನವರು ೧೯೧೭ರಲ್ಲಿ ಸ್ಥಾಪಿಸಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ೧೯೬೧ರಲ್ಲಿ ಪದವಿ ಪಡೆದು, ಅಮೆರಿಕೆಯ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ೧೯೬೬ರಲ್ಲಿ ಡಾಕ್ಟರೇಟ್ ಗಳಿಸಿದರು. ಬಳಿಕ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಆ ಕಾಲದಲ್ಲಿ ಸಾರವನ್ನು ಒಂದೆಡೆ ಕೂಡಿಸುವುದರಲ್ಲಿ ಅತ್ಯುತ್ತಮವೆನಿಸಿದ್ದ ಕಾರ್ಹುನೆನ್–ಲೋಯೆವ್ ಎಂಬ ವಿಧಾನವು ಪ್ರತಿಯೊಂದು ಬಗೆಯ ದತ್ತಾಂಶಕ್ಕೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕಾದಷ್ಟು ತೊಡಕಿನದಾಗಿತ್ತು. ಅದರ ಸಮೀಪಕ್ಕೆ ಬರಬಲ್ಲ ಸುಲಭ ಮಾರ್ಗವು ಕೊಸೈನಿನಲ್ಲಿ ಇರಬಹುದೆಂದು ಅಹಮದರಿಗೆ ತೋರಿತು. ೧೯೭೨ರಲ್ಲಿ ಅವರು ಅಮೆರಿಕೆಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಬೇಡಿ ಯೋಜನೆಯನ್ನು ಸಲ್ಲಿಸಿದರು. ಸಹಾಯ ದೊರೆಯಲಿಲ್ಲ. ವಿಚಾರವು ತೀರ ಸರಳವಾಗಿದೆಯೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂದು ಅಹಮದರೇ ೧೯೯೧ರಲ್ಲಿ ಬರೆದಿದ್ದಾರೆ. ಸರಳವಾದುದು ದೋಷವೆಂಬ ಈ ಎಣಿಕೆಯು ವಿಚಿತ್ರವೆಂದೇ ನಮಗೆ ತೋರುತ್ತದೆ.

ಅವರು ಬಿಡಲಿಲ್ಲ. ತಮ್ಮ ಶಿಷ್ಯ ಟಿ. ನಟರಾಜನ್, ಟೆಕ್ಸಾಸಿನಲ್ಲಿದ್ದ ಮಿತ್ರ ಕೆ. ಆರ್. ರಾವ್ ಇವರೊಡಗೂಡಿ ೧೯೭೩ರ ಬೇಸಿಗೆಯನ್ನೆಲ್ಲ ಇದಕ್ಕೇ ಮೀಸಲಿಟ್ಟರು. ದೊರೆತ ಫಲವು ನಂಬಲಾಗದಷ್ಟು ಚೆನ್ನಾಗಿದ್ದುದರಿಂದ ಇತರ ವಿದ್ವಾಂಸರ ಅಭಿಪ್ರಾಯವನ್ನು ಕೇಳಿದ ನಂತರವೇ ಪ್ರಕಟಣೆಗೆ ಕಳುಹಿಸಿದರು. ೧೯೭೪ರ ಜನವರಿಯಲ್ಲಿ ಕಂಪ್ಯೂಟರ್ ಶಾಸ್ತ್ರದ ಒಂದು ಪತ್ರಿಕೆಯಲ್ಲಿ ಮೂವರ ಹೆಸರಿನಲ್ಲಿ ಅದು ಅಚ್ಚಾಯಿತು: ೯೦ರಿಂದ ೯೩ರವರೆಗೆ, ನಾಲ್ಕೇ ಪುಟ.

ಇನ್ನು ಉಲ್ಲೇಖದ ವಿಷಯ. ವಿದ್ವಾಂಸನು ಪ್ರಬಂಧದ ಕೊನೆಯಲ್ಲಿ ತಾನು ಯಾರ ಕೆಲಸವನ್ನು ಆಧರಿಸಿರುವೆನೆಂಬುದನ್ನು ಹೆಸರಿಸಿ ಋಣ ಒಪ್ಪಿಕೊಳ್ಳುತ್ತಾನೆ. ಹೀಗೆ ಒಂದು ಪ್ರಬಂಧವನ್ನು ಎಷ್ಟು ಮಂದಿ ಹೆಸರಿಸಿದರೆಂಬ ಎಣಿಕೆಯೇ ಉಲ್ಲೇಖಸಂಖ್ಯೆ. ಪ್ರಗತಿಪತ್ರವನ್ನು ಕೈಗಿತ್ತೊಡನೆ ಪೋಷಕರ ದೃಷ್ಟಿಯು ಮೊತ್ತದ ಸಾಲಿಗೇ ಹೋಗುವಂತೆ, ಇಂದು ಸಂಶೋಧಕರನ್ನು ನೇಮಿಸುವವರೂ ಈ ಸಂಖ್ಯೆಯನ್ನೇ ಮೊದಲು ನೋಡುವುದುಂಟು. ಈ ನಾಲ್ಕು ಪುಟಗಳನ್ನು ಸಾವಿರಾರು ಪ್ರಬಂಧಗಳು ಹೆಸರಿಸಿವೆ; ಸಂಕೇತ ಸಂಸ್ಕರಣದಲ್ಲಿ ಇಂತಹ ಭಾಗ್ಯವು ವಿರಳ.

ಆದರೂ ಈ ಎಣಿಕೆಗೆ ಮಿತಿಯುಂಟು. ಹೆಚ್ಚು ಜನ ದುಡಿಯುವ ಕ್ಷೇತ್ರದಲ್ಲಿ ಸಂಖ್ಯೆಯು ತಾನಾಗಿ ಬೆಳೆಯುತ್ತದೆ. ಕಡಿಮೆ ಜನರಿರುವಲ್ಲಿ ಒಳ್ಳೆಯ ಕೆಲಸಕ್ಕೂ ಬೆಳೆಯದು. ವಿಚಾರವು ಸರ್ವಸಾಮಾನ್ಯವಾದ ಮೇಲಂತೂ ಮೂಲ ಪ್ರಬಂಧವನ್ನು ಬಿಟ್ಟು ಪಠ್ಯಗ್ರಂಥವನ್ನೇ ಹೆಸರಿಸುವರು. ಕೊನೆಗೆ ಅದೂ ನಿಲ್ಲುವುದು. ಸೊನ್ನೆಯನ್ನು ಬಳಸಿ ಕೂಡಿಸುವಾಗ ಅದನ್ನು ಕೊಟ್ಟವರಾರೆಂದು ಯಾವ ಅಂಗಡಿಯವನು ಬರೆಯುತ್ತಾನೆ? ೧೯೯೨ರಲ್ಲಿ ಜೆಪೆಗ್ ಎಂಬ ಚಿತ್ರಸಂಕೋಚನದ ನಿಯಮವು ಈ ರೂಪಾಂತರವನ್ನೇ ಆಧಾರವಾಗಿ ಸ್ವೀಕರಿಸಿತು. ವಿಡಿಯೋ ಕಳುಹಿಸುವ ಮುಖ್ಯ ವಿಧಾನಗಳಲ್ಲಿ ಇದೋ ಇದರ ಸಮೀಪದ ರೂಪವೋ ಇದ್ದೇ ಇರುತ್ತದೆ. ಗುಂಟೂರಿನಿಂದ ತಾಯಿಯ ಮುಖವನ್ನು ತಂದ ಫೋನು ಯಾರ ಹೆಸರನ್ನೂ ಹೇಳಲಿಲ್ಲ. ಆ ಸಂಜೆಯ ಉಪಯೋಗವು ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಇನ್ನು ೧೯೭೨ರ ಪರಿಶೀಲಕರ ಮುಂದೆಯಾದರೋ ಎಣಿಸಲು ಒಂದು ಉಲ್ಲೇಖವೂ ಇರಲಿಲ್ಲ. ಅವರು ವಿಚಾರವನ್ನೇ ತೂಗಬೇಕಾಗಿತ್ತು.

ಮೇಲ್ತರಗತಿಯವರ ಅಭ್ಯಾಸಕ್ಕೆ: ೮೦, ೮೪ ಎಂಬ ಜೋಡಿಗೂ ೨೦, ೯೦ ಎಂಬ ಜೋಡಿಗೂ ಮೊತ್ತ, ವ್ಯತ್ಯಾಸಗಳನ್ನು ಬರೆದು, ವ್ಯತ್ಯಾಸವನ್ನು ಕೈಬಿಟ್ಟು, ಮೊತ್ತವನ್ನು ಅರ್ಧಮಾಡಿರಿ. ಎರಡನೆಯ ಜೋಡಿಯಲ್ಲಿ ಏನಾಯಿತೆಂಬುದನ್ನು ಕಂಡವರಿಗೆ, ಫೋನಿನಲ್ಲಿ ಬಂದ ಚಿತ್ರದೊಳಗೆ ಬಿಳಿಯ ಮೇಲಿನ ಕಪ್ಪು ಅಕ್ಷರಗಳ ಅಂಚು ಏಕೆ ಮಸುಕಾಗಿರುವುದೆಂಬುದು ತಿಳಿದುಬರುವುದು.